ಪಾಟಿ ಕಂಡರೆ ಓಡುವ ಮಗುವಿಗೆ ಅಭ್ಯಾಸ ಮಾಡಿಸುವುದು ಹೇಗೆ?

"ಎರಡೂವರೆ ವರ್ಷ ಆಯ್ತು. ಹೇಳಿದ್ದೆಲ್ಲ ಅರ್ಥ ಆಗುತ್ತೆ, ಬೇಕಾದ್ದನ್ನೆಲ್ಲ ಕೇಳಿ ತಗೋತಾಳೆ. ಪಾಟಿ ಮೇಲೆ ಮಾತ್ರ ಕೂರಲ್ಲ. ಏನು ಮಾಡಲಿ?" ಪುಟ್ಟ ಮಕ್ಕಳಿರುವ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪಾಟಿ ಎಂದರೆ ಪುಟ್ಟ ಮಕ್ಕಳು ಕೂತು ಸೂಸು, ಕಕ್ಕ ಮಾಡುವ ಚಿಕ್ಕ ಆಸನ. ಹೆಚ್ಚಿನವರು ಅಷ್ಟರಲ್ಲಾಗಲೇ "ಮೂರೇ ದಿನದಲ್ಲಿ ಕಲಿಸಿ" ಎನ್ನುವ ವಿಧಾನವನ್ನು ಒಮ್ಮೆ ಮಾಡಿ ನೋಡಿರುತ್ತಾರೆ. ಖುಷಿಯಿಂದ ಬಂದು ಕೂರುವ ಮಗುವಿಗೆ ಅದು ನಡೆಯಬಹುದು. ಒಲ್ಲೆ ಎನ್ನುವ ಮಗುವಿಗೆ ಅದೇ ಮೂರು ದಿನ ದೊಡ್ಡ ಜಗಳವಾಗಿಬಿಡುತ್ತದೆ.

ಒಲ್ಲೆ ಎನ್ನುವ ಮಗು ಸುಮ್ನೆ ಹಠ ಮಾಡುತ್ತಿದೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಕಾರಣ ಮೂರರಲ್ಲಿ ಒಂದು. ಮಗುವಿನ ಮೈ ಇನ್ನೂ ತಯಾರಾಗಿಲ್ಲ. ಇಲ್ಲವೇ ಕಕ್ಕ ಮಾಡುವಾಗ ನೋವಾಗಿದೆ, ಅಥವಾ ಏನೋ ಹೆದರಿಕೆ ಇದೆ. ಅದೂ ಅಲ್ಲದಿದ್ದರೆ, ಪಾಟಿ ಎನ್ನುವುದು "ಯಾರ ಮಾತು ನಡೆಯಬೇಕು" ಎನ್ನುವ ಜಗ್ಗಾಟವಾಗಿದೆ. ಕಾರಣ ಯಾವುದು ಎಂದು ಮೊದಲು ಗೊತ್ತಾಗಬೇಕು. ಅದಕ್ಕೇ ಕೆಳಗಿನ ಹಂತಗಳಲ್ಲಿ ಮೊದಲ ಮೂರರಲ್ಲಿ ಪಾಟಿ ಮೇಲೆ ಕೂರಿಸುವ ಮಾತೇ ಇಲ್ಲ. ದಯವಿಟ್ಟು ಅವನ್ನು ಹಾರಿಸಬೇಡಿ.

ಏನೇನು ಬೇಕು?

ನೆಲದ ಮೇಲಿಡುವ ತಗ್ಗಾದ ಪಾಟಿ ಒಂದು. ಕೂತಾಗ ಮಗುವಿನ ಎರಡೂ ಪಾದ ಪೂರ್ತಿಯಾಗಿ ನೆಲಕ್ಕೆ ತಾಗಬೇಕು. ಕಮೋಡ್ ಬಳಸುವುದಾದರೆ ಅದರ ಮೇಲೆ ಕೂರಿಸುವ ಮಕ್ಕಳ ಸೀಟು ಬೇಕು, ಕಾಲಿಡಲು ಅಲ್ಲಾಡದ ಸ್ಟೂಲ್ ಬೇಕು. ಸ್ಟೂಲ್ ಇಲ್ಲದೆ ಕಾಲು ಜೋತಾಡಿದರೆ ಮಗುವಿಗೆ ಬೀಳುವ ಭಯ. ಮುಕ್ಕಲೂ, ಅಂದರೆ ಕಕ್ಕ ಬರಲು ಬಲ ಹಾಕಲೂ, ಆಗುವುದಿಲ್ಲ. ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲಿದ್ದು, ಮೈ ತುಸು ಮುಂದಕ್ಕೆ ಬಾಗಿದ್ದರೆ ಗುದದ ಸುತ್ತಲಿನ ಸ್ನಾಯು ಸಡಿಲವಾಗುತ್ತದೆ, ಕಕ್ಕ ಸಲೀಸಾಗಿ ಬರುತ್ತದೆ.

ಬಟ್ಟೆಯ ಚಡ್ಡಿಗಳು ಜಾಸ್ತಿ ಇರಲಿ. ಮಗುವೇ ಕೆಳಗೆ ಎಳೆದುಕೊಳ್ಳಬಹುದಾದ ಎಲಾಸ್ಟಿಕ್ ಪ್ಯಾಂಟ್ ಹಾಕಿ. ಬಟನ್, ಜಿಪ್, ಭುಜದ ಮೇಲೆ ಪಟ್ಟಿ ಬರುವ ಉಡುಪು ಸದ್ಯಕ್ಕೆ ಬೇಡ. ಹಾಡು ಹೇಳುವ, ದೀಪ ಮಿನುಗುವ ಪಾಟಿಯೂ ಬೇಡ ಎನ್ನುವುದು ನನ್ನ ಅಭಿಪ್ರಾಯ. ಕೆಲವು ಮಕ್ಕಳು ಅದನ್ನು ಆಟದ ಸಾಮಾನು ಅಂದುಕೊಳ್ಳುತ್ತವೆ, ಕೆಲವು ಆ ಸದ್ದಿಗೇ ಬೆಚ್ಚುತ್ತವೆ.

ಇನ್ನೊಂದು ಬೇಕು: ಮನೆಯವರ ಒಮ್ಮತ. ಅಪ್ಪ ಒಂದು ಹೇಳಿ, ಅಜ್ಜಿ ಇನ್ನೊಂದು ಹೇಳಿ, ಮಗುವನ್ನು ನೋಡಿಕೊಳ್ಳುವವರು ಮೂರನೆಯದು ಮಾಡಿದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ಬೈಯುವುದಿಲ್ಲ, ಬಲವಂತ ಮಾಡುವುದಿಲ್ಲ, ಬೇರೆ ಮಗುವಿಗೆ ಹೋಲಿಸುವುದಿಲ್ಲ ಎನ್ನುವ ಮೂರು ಮಾತಿಗಾದರೂ ಎಲ್ಲರೂ ಒಪ್ಪಲಿ.

ಹಂತ 1: ಮಗು ತಯಾರಿದೆಯೇ ನೋಡಿ

ತಯಾರಾಗಿರುವ ಗುರುತುಗಳು ಬಹಳಷ್ಟು ಮಕ್ಕಳಲ್ಲಿ 18 ತಿಂಗಳಿಂದ 3 ವರ್ಷದೊಳಗೆ ಕಾಣಿಸುತ್ತವೆ. ಇದು ದೊಡ್ಡ ಅಂತರ. ಪಕ್ಕದ ಮನೆಯ ಮಗು ಒಂದೂವರೆ ವರ್ಷಕ್ಕೆ ಕಲಿತದ್ದಕ್ಕೂ ನಿಮ್ಮ ಮಗು ಮೂರಕ್ಕೆ ಕಲಿಯುವುದಕ್ಕೂ ಜಾಣತನದ ಸಂಬಂಧ ಇಲ್ಲ.

ಗಮನಿಸಬೇಕಾದ್ದು ಇಷ್ಟು. ಡೈಪರ್ ಎರಡು ಗಂಟೆಯಾದರೂ ಒಣಗಿರುತ್ತದೆಯೇ? ಅಂದರೆ ಮೂತ್ರಕೋಶ ಸ್ವಲ್ಪ ಹೊತ್ತು ಹಿಡಿದಿಡಲು ಕಲಿತಿದೆ ಎಂದರ್ಥ. ಎರಡು ವರ್ಷದ ಮಗುವಿನ ಮೂತ್ರಕೋಶಕ್ಕೆ ಸುಮಾರು 90 ಮಿಲಿಲೀಟರ್ ಹಿಡಿಸುತ್ತದೆ ಅಷ್ಟೇ, ಹಾಗಾಗಿ ಇದಕ್ಕಿಂತ ಹೆಚ್ಚು ಹೊತ್ತು ನಿರೀಕ್ಷಿಸಬೇಡಿ. ಒದ್ದೆಯಾದರೆ, ಗಲೀಜಾದರೆ ಹೇಳುತ್ತದೆಯೇ, ಡೈಪರ್ ಎಳೆಯುತ್ತದೆಯೇ? "ಚಪ್ಪಲಿ ತಗೊಂಡು ಬಾ" ಎಂದರೆ ಹೋಗಿ ತರುತ್ತದೆಯೇ? ತಾನೇ ಹೋಗಿ ಕೂತು, ತಾನೇ ಎದ್ದು ಬರಬಲ್ಲದೇ? ಕಕ್ಕ ಬಂದಾಗ ಪರದೆ ಹಿಂದೆ, ಸೋಫಾ ಮೂಲೆಗೆ ಹೋಗಿ ನಿಲ್ಲುತ್ತದೆಯೇ? ಹಾಗೆ ಅಡಗುವ ಮಗುವಿಗೆ ಕಕ್ಕ ಬರುತ್ತಿರುವುದು ಮೊದಲೇ ತಿಳಿಯುತ್ತಿದೆ. ಅದು ಒಳ್ಳೆಯ ಗುರುತು.

ಇವುಗಳಲ್ಲಿ ಹೆಚ್ಚಿನವಕ್ಕೆ "ಇಲ್ಲ" ಎಂದಾದರೆ ಒಂದೆರಡು ತಿಂಗಳು ಕಾಯಿರಿ. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರ್ರಿ ಬ್ರೇಜಲ್ಟನ್ 1962ರಲ್ಲಿ, ಮಗು ತಯಾರಾದ ಮೇಲೆ, ಮಗುವಿನ ಹೆಜ್ಜೆಗೆ ತಕ್ಕಂತೆ ಕಲಿಸಬೇಕು ಎಂದು ಬರೆದರು. ಇವತ್ತಿಗೂ ಅನೇಕ ಮಕ್ಕಳ ವೈದ್ಯರು ಹೇಳುವುದು ಇದನ್ನೇ. ಬೇಗ ಶುರು ಮಾಡಿದರೆ ಬೇಗ ಮುಗಿಯುತ್ತದೆ ಎಂದೇನಿಲ್ಲ, ಕಲಿಕೆಯ ಅವಧಿ ಉದ್ದವಾಗುವುದೇ ಹೆಚ್ಚು.

ಹಂತ 2: ಕಕ್ಕ ಮೆತ್ತಗಿದೆಯೇ ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಹೆಚ್ಚಿನವರು ಮರೆಯುವುದೂ ಇದನ್ನೇ.

ಮಗುವಿಗೆ ಒಮ್ಮೆ ಗಟ್ಟಿಯಾಗಿ ಕಕ್ಕ ಆಯಿತು ಎನ್ನಿ. ನೋವಾಯಿತು. ಮುಂದಿನ ಸಲ ಬಂದಾಗ ನೋವಿನ ನೆನಪಿಗೆ ಮಗು ತಡೆದುಕೊಳ್ಳುತ್ತದೆ. ತಡೆದಷ್ಟೂ ಮಲದಲ್ಲಿನ ನೀರನ್ನು ಕರುಳು ಹೀರುತ್ತದೆ, ಅದು ಇನ್ನೂ ದಪ್ಪಗೆ, ಗಟ್ಟಿಯಾಗುತ್ತದೆ. ಕೊನೆಗೆ ಹೊರಬರುವಾಗ ಮತ್ತೂ ನೋವು. ಹೀಗೆ ಸುತ್ತು ಬೆಳೆಯುತ್ತದೆ. ಬಹಳ ದಿನ ಹೀಗೇ ನಡೆದರೆ ಗುದನಾಳ, ಅಂದರೆ ಮಲ ಹೊರಬರುವ ಮುಂಚೆ ಬಂದು ನಿಲ್ಲುವ ಕರುಳಿನ ಕೊನೆಯ ಭಾಗ, ಬಿಗಿ ಕಳೆದುಕೊಂಡ ಎಲಾಸ್ಟಿಕ್ಕಿನ ಹಾಗೆ ಹಿಗ್ಗಿಬಿಡುತ್ತದೆ. ಆಗ "ಬರ್ತಾ ಇದೆ" ಎನ್ನುವ ಸೂಚನೆಯೇ ಮಗುವಿಗೆ ಸರಿಯಾಗಿ ಸಿಗುವುದಿಲ್ಲ.

ಇಲ್ಲಿ ತಪ್ಪು ತಿಳಿಯುವುದು ಬಹಳ ಸುಲಭ. ಮಗು ತುದಿಗಾಲಲ್ಲಿ ನಿಲ್ಲುತ್ತದೆ, ಕಾಲು ಕತ್ತರಿ ಹಾಕುತ್ತದೆ, ಮೈ ಸೆಟೆದು ಮುಖ ಕೆಂಪಾಗುತ್ತದೆ. ನೋಡಿದವರು "ಪಾಪ, ಮುಕ್ಕುತ್ತಿದೆ" ಎನ್ನುತ್ತಾರೆ. ಎಷ್ಟೋ ಸಲ ಅದು ಮುಕ್ಕುತ್ತಿರುವುದಿಲ್ಲ, ಪೂರ್ತಿ ಬಲ ಹಾಕಿ ಒಳಗೆ ತಡೆದಿಟ್ಟುಕೊಳ್ಳುತ್ತಿರುತ್ತದೆ. ಇನ್ನೊಂದು: ಚಡ್ಡಿಯಲ್ಲಿ ಆಗಾಗ ನೀರಾದ ಕಕ್ಕದ ಕಲೆ ಕಂಡರೆ ಭೇದಿ ಎಂದುಕೊಳ್ಳುತ್ತೇವೆ. ಒಳಗೆ ಗಟ್ಟಿ ಮಲ ಕಟ್ಟಿಕೊಂಡು, ಅದರ ಪಕ್ಕದಿಂದ ತೆಳ್ಳಗಿನದು ಜಿನುಗುತ್ತಿರಬಹುದು. ಇದು ಮಗುವಿನ ಕೈಯಲ್ಲಿ ಇಲ್ಲ. ಇದಕ್ಕೆ ಬೈದರೆ ಅನ್ಯಾಯ.

ವಾರಕ್ಕೆ ಎರಡೇ ಸಲ ಅಥವಾ ಅದಕ್ಕಿಂತ ಕಡಿಮೆ ಕಕ್ಕ ಆಗುತ್ತಿದ್ದರೆ, ಉಂಡೆ ಉಂಡೆಯಾಗಿ ಅಥವಾ ತುಂಬಾ ದಪ್ಪವಾಗಿ ಬರುತ್ತಿದ್ದರೆ, ಅಳುತ್ತಿದ್ದರೆ, ಪಾಟಿ ವಿಷಯ ಪೂರ್ತಿ ಪಕ್ಕಕ್ಕಿಡಿ. ನೀರು, ಹಣ್ಣು, ತರಕಾರಿ, ಓಡಾಟ ಹೆಚ್ಚಿಸಿ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುತ್ತಿದ್ದರೆ ಕಡಿಮೆ ಮಾಡಿ, ಹಾಲಲ್ಲೇ ಹೊಟ್ಟೆ ತುಂಬಿದರೆ ಬೇರೆ ಊಟ ಸೇರುವುದಿಲ್ಲ. ಇಷ್ಟರಿಂದ ಸರಿಹೋಗದಿದ್ದರೆ ಮಕ್ಕಳ ವೈದ್ಯರ ಹತ್ತಿರ ಹೋಗಿ. ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್, ಪಾಲಿಎಥಿಲೀನ್ ಗ್ಲೈಕಾಲ್‌ನಂತಹ ಔಷಧ ಕೊಡಬಹುದು. ಎಷ್ಟು ಕೊಡಬೇಕು, ಎಷ್ಟು ದಿನ ಎನ್ನುವುದನ್ನು ಅವರೇ ಹೇಳಲಿ.

ಎಚ್ಚರಿಕೆ: ನಾಲ್ಕು ದಿನ ಸರಿಯಾಯಿತು ಎಂದು ಔಷಧ ನೀವೇ ನಿಲ್ಲಿಸಬೇಡಿ. ಹಿಗ್ಗಿದ ಗುದನಾಳ ಮೊದಲಿನಂತಾಗಲು ತಿಂಗಳುಗಳೇ ಬೇಕಾಗುತ್ತವೆ. ಮಗುವಿನ ನೋವಿನ ನೆನಪು ಮಾಸಲೂ ಸಮಯ ಬೇಕು.

ಹಂತ 3: ಜಗಳ ಆಗಿದ್ದರೆ ವಿರಾಮ ಕೊಡಿ

ಪಾಟಿ ಹೆಸರೆತ್ತಿದರೆ ಮಗು ಅಳುತ್ತದೆ, ಓಡುತ್ತದೆ, ಕೂರಿಸಿದರೆ ಸೆಟೆದುಕೊಳ್ಳುತ್ತದೆ ಎಂದಾದರೆ ಎಲ್ಲವನ್ನೂ ನಿಲ್ಲಿಸಿ. ಎರಡರಿಂದ ನಾಲ್ಕು ವಾರ ಡೈಪರ್ ಹಾಕಿ. ಒಂದೇ ಸಲ ಶಾಂತವಾಗಿ ಹೇಳಿ: "ಸದ್ಯಕ್ಕೆ ಪಾಟಿ ಬೇಡ. ನಿನಗೆ ಬೇಕು ಅನಿಸಿದಾಗ ಹೇಳು, ನಾನು ಬರ್ತೀನಿ." ಆಮೇಲೆ ಆ ಮಾತು ಎತ್ತಲೇಬೇಡಿ. ನೆನಪಿಸಬೇಡಿ, ಕೇಳಬೇಡಿ, ಡೈಪರ್ ಬದಲಿಸುವಾಗ ನಿಟ್ಟುಸಿರು ಬಿಡಬೇಡಿ.

ಇದು ಸೋಲಲ್ಲ. ಈ ವಯಸ್ಸಿನ ಮಗುವಿನ ಕೈಯಲ್ಲಿ ಇರುವುದು ಬಹಳ ಕಡಿಮೆ. ಎಲ್ಲಿಗೆ ಹೋಗಬೇಕು, ಏನು ಹಾಕಿಕೊಳ್ಳಬೇಕು, ಯಾವಾಗ ಮಲಗಬೇಕು, ಎಲ್ಲ ನಾವೇ ಹೇಳುತ್ತೇವೆ. ಆದರೆ ಸೂಸು, ಕಕ್ಕ ಬಿಡುವುದು, ಹಿಡಿಯುವುದು ಮಾತ್ರ ಪೂರ್ತಿ ಮಗುವಿನದೇ. ಅಲ್ಲಿ ಎಳೆದಾಡಿದರೆ ಗೆಲ್ಲುವುದು ಮಗುವೇ, ಮತ್ತು ಗೆದ್ದ ಬೆಲೆಯಾಗಿ ಮಲಬದ್ಧತೆ ಬರುತ್ತದೆ. ನೀವು ಹಗ್ಗ ಬಿಟ್ಟರೆ ಮಗುವಿಗೆ ಎಳೆಯಲು ಏನೂ ಇರುವುದಿಲ್ಲ.

ಪ್ಲೇಸ್ಕೂಲಿಗೆ ಸೇರಿಸುವ ದಿನ ಹತ್ತಿರ ಬಂದಿದೆ, ಅಲ್ಲಿ ಡೈಪರ್ ಬಿಡುವುದಿಲ್ಲ ಎನ್ನುವ ಒತ್ತಡ ಕೆಲವರಿಗಿರುತ್ತದೆ. ನಿಜ, ಕಷ್ಟ. ಆದರೂ ಜಗಳದ ನಡುವೆ ಮುಂದುವರಿಸಿದರೆ ಆ ದಿನಕ್ಕೆ ಕಲಿತಿರುವ ಸಾಧ್ಯತೆ ಇನ್ನೂ ಕಡಿಮೆ. ಸೇರಿಸುವ ಕಡೆ ಮೊದಲೇ ಮಾತಾಡಿ ನೋಡಿ.

ಹಂತ 4: ಪಾಟಿಯ ಜೊತೆ ಸ್ನೇಹ

ಈಗ ಪಾಟಿಯನ್ನು ಮಗು ಆಡುವ ಕಡೆ ಇಡಿ, ಬಚ್ಚಲಲ್ಲೇ ಇರಬೇಕೆಂದಿಲ್ಲ. ಬಟ್ಟೆ ಹಾಕಿಕೊಂಡೇ ಕೂರಲಿ, ಗೊಂಬೆಯನ್ನು ಕೂರಿಸಲಿ. ಡೈಪರಿನಲ್ಲಿ ಕಕ್ಕ ಆದಾಗ ಅದನ್ನು ಮಗುವಿನ ಎದುರಿಗೇ ಪಾಟಿಗೆ ಹಾಕಿ, "ಕಕ್ಕ ಇಲ್ಲಿಗೆ ಹೋಗುತ್ತೆ" ಎಂದು ಹೇಳಿ. ಮನೆಯ ದೊಡ್ಡವರು ಅಥವಾ ಅಕ್ಕ ಅಣ್ಣ ಹೋಗುವಾಗ ನೋಡಲು ಮಗುವಿಗೆ ಇಷ್ಟವಿದ್ದರೆ ನೋಡಲಿ. ಮಾತಿಗಿಂತ ನೋಡಿ ಕಲಿಯುವುದೇ ಹೆಚ್ಚು ಅಲ್ವಾ?

ಹೆದರಿಕೆ ಇದ್ದರೆ ಯಾವುದಕ್ಕೆ ಎಂದು ಹುಡುಕಿ. ತುಂಬಾ ಮಕ್ಕಳಿಗೆ ಫ್ಲಶ್ ಸದ್ದು ಭಯ. ಮಗು ಕೂತಿರುವಾಗ ಎಂದೂ ಫ್ಲಶ್ ಮಾಡಬೇಡಿ. ಎದ್ದು ಹೊರಗೆ ಹೋದ ಮೇಲೆ ಮಾಡಿ, ಅಥವಾ ಗುಂಡಿ ಒತ್ತುವ ಕೆಲಸವನ್ನು ಮಗುವಿಗೇ ಕೊಡಿ. ಕೆಲವಕ್ಕೆ ಕಕ್ಕ ಮಾಯವಾಗುವುದೇ ಬೇಸರ, ತನ್ನ ಮೈಯದೇ ಏನೋ ಹೋಯಿತು ಎನಿಸುತ್ತದೆ. "ಬೈ ಬೈ" ಹೇಳಿ ಕಳಿಸಲಿ. ನಗಬೇಡಿ, ಅದು ಮಗುವಿಗೆ ನಿಜವಾದ ಚಿಂತೆ.

ಹಂತ 5: ಡೈಪರ್ ತೆಗೆದು, ಹೊತ್ತು ನೋಡಿ ಕೂರಿಸಿ

ಮನೆಯಲ್ಲೇ ಇರುವ ಎರಡು ಮೂರು ದಿನ ಆರಿಸಿಕೊಳ್ಳಿ. ಹಗಲು ಡೈಪರ್ ಬದಲು ಬಟ್ಟೆ ಚಡ್ಡಿ ಹಾಕಿ. ಡೈಪರ್ ಒಳಗಿನ ಜೆಲ್ ಒದ್ದೆಯನ್ನು ಹೀರಿಬಿಡುವುದರಿಂದ ಮಗುವಿಗೆ ಸೂಸು ಆದದ್ದೇ ಗೊತ್ತಾಗುವುದಿಲ್ಲ. ಬಟ್ಟೆ ಒದ್ದೆಯಾದರೆ ತಕ್ಷಣ ಗೊತ್ತಾಗುತ್ತದೆ. ಚಡ್ಡಿಯ ಹಾಗೆ ಏರಿಸುವ ಪುಲ್‌ಅಪ್ ಡೈಪರ್ ಹೊರಗೆ ಹೋಗುವಾಗ ಅನುಕೂಲ, ಕಲಿಸಲು ಅಷ್ಟಾಗಿ ಸಹಾಯ ಮಾಡುವುದಿಲ್ಲ.

ಕೂರಿಸಲು ಒಳ್ಳೆಯ ಹೊತ್ತು: ನಿದ್ದೆಯಿಂದ ಎದ್ದ ಕೂಡಲೇ, ಸ್ನಾನಕ್ಕೆ ಮುಂಚೆ, ಮತ್ತು ಊಟವಾಗಿ 15ರಿಂದ 30 ನಿಮಿಷಕ್ಕೆ. ಹೊಟ್ಟೆಗೆ ಊಟ ಬಿದ್ದಾಗ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ವೈದ್ಯರು ಇದನ್ನು ಗ್ಯಾಸ್ಟ್ರೋಕೋಲಿಕ್ ರಿಫ್ಲೆಕ್ಸ್ ಎನ್ನುತ್ತಾರೆ. ಮಗುವಿನ ಮೈ ತಾನೇ ಸಹಾಯ ಮಾಡುವ ಹೊತ್ತು ಅದು.

ಒಮ್ಮೆಗೆ ಮೂರರಿಂದ ಐದು ನಿಮಿಷ ಸಾಕು. ಒಂದು ಪುಸ್ತಕ ಓದಿ. ಬರಲಿಲ್ಲವೇ? "ಸರಿ, ಆಮೇಲೆ ನೋಡೋಣ" ಎಂದು ಎಬ್ಬಿಸಿ. ಬರುವ ತನಕ ಕೂರಿಸಿಡುವುದು, ಭುಜ ಒತ್ತಿ ಹಿಡಿಯುವುದು, ಮೊಬೈಲ್ ಕೊಟ್ಟು ಅರ್ಧ ಗಂಟೆ ಮರೆಸುವುದು ಬೇಡ. ಮೊಬೈಲ್ ನೋಡುವ ಮಗು ತನ್ನ ಹೊಟ್ಟೆಯ ಸೂಚನೆ ಕೇಳಿಸಿಕೊಳ್ಳುವುದಿಲ್ಲ. ಮುಕ್ಕಲು ಬಾರದ ಮಗುವಿಗೆ ಸೋಪಿನ ಗುಳ್ಳೆ ಊದಲು ಕೊಡಿ. ಊದುವಾಗ ಹೊಟ್ಟೆಗೆ ಬಲ ಬೀಳುತ್ತದೆ, ಕೆಳಗಿನ ಸ್ನಾಯು ಸಡಿಲವಾಗುತ್ತದೆ.

ಗಂಡು ಮಗುವಿಗೂ ಮೊದಲು ಕೂತು ಸೂಸು ಮಾಡುವುದನ್ನೇ ಕಲಿಸಿ. ಸೂಸು ಜೊತೆ ಕಕ್ಕ ಬಂದರೂ ಅಲ್ಲೇ ಆಗುತ್ತದೆ. ನಿಂತು ಮಾಡುವುದು ಆಮೇಲೆ ಸುಲಭವಾಗಿ ಬರುತ್ತದೆ. ಹೆಣ್ಣು ಮಗುವಿಗೆ ಮುಂದಿನಿಂದ ಹಿಂದಕ್ಕೆ ತೊಳೆಯಿರಿ ಅಥವಾ ಒರೆಸಿ, ಇಲ್ಲದಿದ್ದರೆ ಮೂತ್ರನಾಳಕ್ಕೆ ಸೋಂಕು ತಗಲಬಹುದು. ಕೊನೆಗೆ ಸೋಪು ಹಾಕಿ ಕೈ ತೊಳೆಯುವುದು ಮೊದಲ ದಿನದಿಂದಲೇ ಇರಲಿ.

ಹಂತ 6: ಹೇಳುವ ರೀತಿ ಬದಲಿಸಿ

"ಸೂಸು ಬಂತಾ?" ಎಂದು ಕೇಳಿದರೆ ಈ ವಯಸ್ಸಿನ ಉತ್ತರ ಒಂದೇ: "ಇಲ್ಲ." ಹಾಗಾಗಿ ಕೇಳಬೇಡಿ. "ಸೂಸು ಮಾಡಿ ಆಮೇಲೆ ಆಚೆ ಹೋಗೋಣ" ಎಂದು ಸಲೀಸಾಗಿ ಹೇಳಿ. ಚಿಕ್ಕ ಆಯ್ಕೆ ಕೊಡಿ: "ಈ ಪಾಟಿನಾ, ದೊಡ್ಡವರ ಸೀಟಾ?" "ಕರಡಿ ಬರ್ಲಾ, ಮೊಲ ಬರ್ಲಾ?" ಎರಡರಲ್ಲಿ ಯಾವುದನ್ನು ಆರಿಸಿದರೂ ಮಗು ತಾನೇ ಹೇಳಿದ ಹಾಗಾಯಿತು. ಆಗಲೂ ಬೇಡ ಎಂದರೆ ಬಿಟ್ಟುಬಿಡಿ.

ಹತ್ತು ಹತ್ತು ನಿಮಿಷಕ್ಕೆ ನೆನಪಿಸುವುದು ದೊಡ್ಡ ತಪ್ಪು. ಮಗುವಿಗೆ ಕಿರಿಕಿರಿ, ಜೊತೆಗೆ ಮೂತ್ರಕೋಶ ತುಂಬಿದಾಗ ಹೇಗನಿಸುತ್ತದೆ ಎಂದು ತಿಳಿಯುವ ಅವಕಾಶವೂ ತಪ್ಪುತ್ತದೆ. ಮೂರು ವರ್ಷದ, ಎಲ್ಲ ಗೊತ್ತಿದ್ದೂ ಒಲ್ಲೆ ಎನ್ನುವ ಮಗುವಿಗಂತೂ ನೆನಪಿಸುವುದನ್ನು ಪೂರ್ತಿ ನಿಲ್ಲಿಸುವುದೇ ಒಳ್ಳೆಯ ಮದ್ದು.

ಹೊಗಳಿಕೆ ಹಿತಮಿತವಾಗಿರಲಿ. "ನೀನೇ ಹೋಗಿ ಕೂತೆ, ಚಡ್ಡಿ ಒಣಗಿದೆ!" ಎಂದರೆ ಸಾಕು. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿ ಕುಣಿದರೆ ಕೆಲವು ಮಕ್ಕಳು ನಾಚಿ ಹಿಂದೆ ಸರಿಯುತ್ತವೆ. ಕೂತಿದ್ದಕ್ಕೆ ಒಂದು ಸ್ಟಿಕ್ಕರ್ ಕೊಡಬಹುದು. ಆದರೆ "ಕಕ್ಕ ಮಾಡಿದ್ರೆ ಸೈಕಲ್" ಎನ್ನುವ ದೊಡ್ಡ ಆಮಿಷ ಬೇಡ. ಹೆದರಿ ತಡೆದುಕೊಂಡಿರುವ ಮಗುವಿಗೆ ಅದು ಇನ್ನೊಂದು ಒತ್ತಡ.

ಹಂತ 7: "ಕಕ್ಕ ಮಾತ್ರ ಡೈಪರಲ್ಲೇ" ಎನ್ನುವ ಮಗು

ಸೂಸು ಪಾಟಿಯಲ್ಲಿ ಮಾಡುತ್ತದೆ, ಕಕ್ಕ ಬಂದರೆ ಡೈಪರ್ ಕೇಳುತ್ತದೆ. ಇದು ಬಹಳ ಸಾಮಾನ್ಯ. ಇಲ್ಲಿ ಡೈಪರ್ ಕೊಡುವುದಿಲ್ಲ ಎಂದು ಹಟ ಹಿಡಿದರೆ ಮಗು ತಡೆದುಕೊಳ್ಳಲು ಶುರು ಮಾಡುತ್ತದೆ, ನಾವು ಎರಡನೇ ಹಂತದ ತೊಂದರೆಗೆ ವಾಪಸ್ಸು. ಡೈಪರ್ ಕೊಡಿ. ಕೇಳಿ ಪಡೆಯುತ್ತಿದೆ ಎಂದರೆ ಅರ್ಧ ಕೆಲಸ ಮಗು ಕಲಿತಾಗಿದೆ. ಉಳಿದದ್ದನ್ನು ತೀರಾ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಕಲಿಸಬೇಕು.

ಮೊದಲು, ಡೈಪರ್ ಹಾಕಿಕೊಂಡು ಬಚ್ಚಲಲ್ಲಿ ನಿಂತು ಮಾಡಲಿ. ಅದು ರೂಢಿಯಾದ ಮೇಲೆ ಡೈಪರ್ ಸಮೇತ ಪಾಟಿ ಮೇಲೆ ಕೂತು ಮಾಡಲಿ. ಆಮೇಲೆ ಡೈಪರ್ ಸಡಿಲ ಮಾಡಿ. ನಂತರ ಡೈಪರಿಗೆ ಕೆಳಗೆ ಒಂದು ತೂತು ಕತ್ತರಿಸಿ, ಕಕ್ಕ ಪಾಟಿಗೆ ಬೀಳಲಿ. ಕೊನೆಗೆ ಡೈಪರನ್ನು ಬರೀ ಪಾಟಿಯೊಳಗೆ ಹಾಸಿ, ಒಂದು ದಿನ ಅದನ್ನೂ ತೆಗೆಯಿರಿ. ಒಂದೊಂದು ಹೆಜ್ಜೆಗೆ ಒಂದು ವಾರವೋ ಎರಡು ವಾರವೋ ಹಿಡಿಯಬಹುದು. ಯಾವುದಾದರೂ ಹೆಜ್ಜೆಯಲ್ಲಿ ಮಗು ತಡೆದುಕೊಂಡರೆ ಹಿಂದಿನ ಹೆಜ್ಜೆಗೆ ಹೋಗಿ. ಅವಸರ ಮಾಡುವ ಆಸೆ ಬರುವುದು ಇಲ್ಲೇ ಜಾಸ್ತಿ, ತಡೆದುಕೊಳ್ಳಿ.

ನಡುವೆ ಒದ್ದೆಯಾದರೆ

ಆಗುತ್ತದೆ, ವಾರಗಟ್ಟಲೆ ಆಗುತ್ತದೆ. "ಸೂಸು ನೆಲದ ಮೇಲಾಯ್ತು. ಪಾಟಿಯಲ್ಲಿ ಮಾಡ್ತೀವಿ. ಬಾ, ಚಡ್ಡಿ ಬದಲಿಸೋಣ." ಇಷ್ಟೇ ಮಾತು, ಸಾದಾ ದನಿಯಲ್ಲಿ. ಒದ್ದೆ ಚಡ್ಡಿಯನ್ನು ಬಕೆಟ್ಟಿಗೆ ಹಾಕಲು ಮಗುವೂ ಕೈಜೋಡಿಸಲಿ, ಶಿಕ್ಷೆಯಾಗಿ ಅಲ್ಲ. "ಛೀ", "ನಾಚಿಕೆ ಇಲ್ವಾ" ಎನ್ನುವ ಮಾತು ಒಂದೂ ಬೇಡ. ನಾಚಿಕೆಪಟ್ಟ ಮಗು ಪಾಟಿಗೆ ಬರುವುದಿಲ್ಲ, ಅಡಗಿಕೊಂಡು ಮಾಡಲು ಕಲಿಯುತ್ತದೆ.

ಕಲಿತದ್ದು ಮರೆತಂತಾದರೆ

ತಮ್ಮನೋ ತಂಗಿಯೋ ಹುಟ್ಟಿದಾಗ, ಮನೆ ಬದಲಾದಾಗ, ಜ್ವರ ಬಂದು ಎದ್ದಾಗ ಮತ್ತೆ ಚಡ್ಡಿ ಒದ್ದೆಯಾಗುವುದುಂಟು. ಬೇಕಿದ್ದರೆ ಕೆಲವು ದಿನ ಡೈಪರಿಗೆ ಮರಳಿ. ಹೆಚ್ಚಾಗಿ ಕೆಲವೇ ವಾರಗಳಲ್ಲಿ ಸರಿಹೋಗುತ್ತದೆ.

ರಾತ್ರಿಯದು ಬೇರೆ ವಿಷಯ

ಹಗಲು ಕಲಿತ ಮಗು ರಾತ್ರಿಯೂ ಒಣಗಿರಬೇಕು ಎಂದೇನಿಲ್ಲ. ರಾತ್ರಿ ಮೂತ್ರ ಕಡಿಮೆ ಮಾಡುವ ಹಾರ್ಮೋನು ಸಾಕಷ್ಟು ಬರಬೇಕು, ಮೂತ್ರಕೋಶ ತುಂಬಿದಾಗ ಎಚ್ಚರವೂ ಆಗಬೇಕು. ಇದು ಮೈ ಬೆಳೆಯುವ ವಿಷಯ, ಕಲಿಸಿ ಬರುವುದಲ್ಲ. 5 ವರ್ಷದೊಳಗೆ ಹಾಸಿಗೆ ಒದ್ದೆಯಾಗುವುದನ್ನು ವೈದ್ಯರು ತೊಂದರೆ ಎಂದು ಎಣಿಸುವುದೇ ಇಲ್ಲ. ಬೆಳಿಗ್ಗೆ ಡೈಪರ್ ಸತತವಾಗಿ ಒಣಗಿ ಸಿಗುವ ತನಕ ರಾತ್ರಿ ಡೈಪರ್ ಹಾಕಿ, ನಿಶ್ಚಿಂತೆಯಿಂದಿರಿ.

ವೈದ್ಯರನ್ನು ಯಾವಾಗ ಕಾಣಬೇಕು?

ಸೂಸು ಮಾಡುವಾಗ ಅಳು, ಉರಿ, ಜ್ವರ ಇದ್ದರೆ, ಸೂಸುವಿನಲ್ಲಿ ಅಥವಾ ಕಕ್ಕದಲ್ಲಿ ರಕ್ತ ಕಂಡರೆ, ಸೂಸು ಸದಾ ತೊಟ್ಟಿಕ್ಕುತ್ತಿದ್ದರೆ ಅಥವಾ ಧಾರೆ ತೀರಾ ಸಣ್ಣಗಿದ್ದರೆ ಬೇಗ ಹೋಗಿ. ವಿಪರೀತ ಬಾಯಾರಿಕೆ, ಪದೇ ಪದೇ ಸೂಸು, ತೂಕ ಇಳಿಯುವುದು ಒಟ್ಟಿಗೆ ಕಂಡರೆ ಅದೇ ದಿನ ತೋರಿಸಿ. ಮಧುಮೇಹ ಮಕ್ಕಳಿಗೂ ಬರುತ್ತದೆ, ತಡ ಮಾಡುವಂತಿಲ್ಲ. ಮಲಬದ್ಧತೆ ಮನೆಯ ಉಪಾಯಕ್ಕೆ ಜಗ್ಗದಿದ್ದರೆ, ಆರು ತಿಂಗಳು ಒಣಗಿದ್ದ ಮಗು ಕಾರಣವಿಲ್ಲದೆ ಮತ್ತೆ ಒದ್ದೆ ಮಾಡಿಕೊಳ್ಳುತ್ತಿದ್ದರೆ, 4 ವರ್ಷ ತುಂಬಿದರೂ ಹಗಲಿನ ಅಭ್ಯಾಸ ಬಾರದಿದ್ದರೆ ಆಗಲೂ ಕಾಣಬೇಕು. ಆಟಿಸಂ ಅಥವಾ ಬೆಳವಣಿಗೆ ನಿಧಾನವಿರುವ ಮಕ್ಕಳಿಗೆ ಸಮಯ ಹೆಚ್ಚು ಬೇಕು. "ಚಡ್ಡಿ ಇಳಿಸು, ಕೂರು, ತೊಳಿ" ಎಂದು ಒಂದೊಂದು ಹೆಜ್ಜೆಯ ಚಿತ್ರ ಗೋಡೆಗೆ ಅಂಟಿಸಿದರೆ ಅಂತಹ ಮಕ್ಕಳಿಗೆ ಬಹಳ ಸಹಾಯವಾಗುತ್ತದೆ.

ತುರ್ತಿಲ್ಲದಿದ್ದರೆ ಹೋಗುವ ಮುಂಚೆ ಎರಡು ವಾರ ಒಂದು ಹಾಳೆಯಲ್ಲಿ ಬರೆದಿಡಿ: ಕಕ್ಕ ಯಾವ ದಿನ ಆಯಿತು, ಗಟ್ಟಿಯೋ ಮೆತ್ತಗೋ, ಅತ್ತಿತೇ, ಎಲ್ಲಿ ಮಾಡಿತು, ಹಗಲು ಎಷ್ಟು ಹೊತ್ತು ಚಡ್ಡಿ ಒಣಗಿತ್ತು. ಮಗುವಿನ ಎದುರು "ಇವನಿಗೆ ಇನ್ನೂ ಬರಲ್ಲ ಡಾಕ್ಟರೇ" ಎಂದು ಶುರು ಮಾಡುವ ಬದಲು ಆ ಹಾಳೆಯನ್ನು ಅವರ ಕೈಗೆ ಕೊಡಿ.